ಹೋದಜ್ಜನ ಹೆಸರು

ನನಗೆ ಒಂಬತ್ತು ವರ್ಷವಾಗಿದ್ದಾಗ ಒಂದು ಮಧ್ಯಾಹ್ನ ಊಟಕ್ಕೆ ಕೂತವಳು ತುತ್ತನ್ನು ಬಾಯಿಯ ಹತ್ತಿರ ಒಯ್ದು ಹಾಗೇ ಕಲ್ಲಾದೆನಂತೆ. ಅಂತೆ ಎಂದೇ ಹೇಳಬೇಕು, ಏಕೆಂದರೆ ನನಗೆ ಅದರ ನೆನಪಿಲ್ಲ. ನೆನಪಿರುವುದು ಅದರ ಹಿಂದಿನ ಗಳಿಗೆ, ಬಾಳೆಕಾಯಿ ಪಲ್ಯ ಬಡಿಸುತ್ತಿದ್ದ ಅಮ್ಮನ ಕೈ. ಆಮೇಲೆ ಒಮ್ಮೆಲೇ ಎಲ್ಲರೂ ಎದ್ದು ನಿಂತು ನನ್ನನ್ನೇ ನೋಡುತ್ತಿದ್ದರು. ಅನ್ನ ಮಡಿಲಲ್ಲಿ ಚೆಲ್ಲಿತ್ತು. ಕಣ್ಣು ಮೇಲೆ ಹೋಗಿತ್ತು, ತುಟಿ ಅದುರುತ್ತಿತ್ತು, ಕರೆದರೆ ಓಗೊಡಲಿಲ್ಲ ಎಂದು ಮತ್ತೆ ಹೇಳಿದರು. ಅಪ್ಪ ಬೆನ್ನು ತಟ್ಟುತ್ತಿದ್ದ, ಅಮ್ಮ ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು. ಅಜ್ಜಿ ಮಾತ್ರ ಹತ್ತಿರ ಬರಲಿಲ್ಲ. ಅಡುಗೆಮನೆಯ ಬಾಗಿಲು ಹಿಡಿದು ನಿಂತವಳು ನನ್ನ ಕಡೆ ನೋಡಿಕೊಂಡೇ, ನನಗಲ್ಲ, ನನ್ನೊಳಗಿದ್ದ ಯಾರಿಗೋ ಎಂಬಂತೆ ಮಾತಾಡಿದಳು.

“ಕೂಸನ್ನ ಬಿಡು. ಅದಕ್ಕೆ ಎಂತ ಗೊತ್ತು? ಎಂತ ಬೇಕೋ ನಂಗೆ ಹೇಳು.”

ಹಿರೇಗುತ್ತಿಯಲ್ಲಿ ನಮ್ಮ ಮನೆ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಗದ್ದೆ ಬಯಲಿನ ಅಂಚಿನಲ್ಲಿತ್ತು. ಕೆಂಪು ಚಿರೇಕಲ್ಲಿನ ಗೋಡೆ, ಹಂಚಿನ ಮಾಡು. ಜಗಲಿ, ನಡುಮನೆ, ಅಡುಗೆಮನೆ, ಬಚ್ಚಲು ಇಷ್ಟೇ. ಇವಲ್ಲದೆ ರಸ್ತೆಯ ಬದಿಗೆ ಗೋಡೆಗೆ ತಾಗಿಸಿ ಇಳಿಸಿದ್ದ ಒಂದು ಕತ್ತಲೆ ಕೋಣೆ. ಅದು ಒಂದು ಕಾಲದ ಕುಲುಮೆ. ನಾವು ಕಬ್ಬಿಣದ ಕೆಲಸದ ಆಚಾರಿಗಳು. ನಾಲ್ಕಾರು ಊರುಗಳ ನೇಗಿಲ ಗುಳ, ಕೊಯ್ಯುವ ಕತ್ತಿ, ಬಾವಿಯ ರಾಟೆ, ಎತ್ತಿನ ಗಾಡಿಯ ಪಟ್ಟಿ ಎಲ್ಲ ಆ ಕೋಣೆಯಲ್ಲಿ ಆಗಿಹೋದವು. ಅಜ್ಜನ ಕಾಲಕ್ಕೇ ಬೆಂಕಿ ಆರಿತ್ತು. ಅಪ್ಪ ಕುಮಟೆಯ ಒಂದು ಗ್ಯಾರೇಜಿನಲ್ಲಿ ಲಾರಿಗಳ ಕೆಲಸ ಮಾಡುತ್ತಿದ್ದ, ಅಮ್ಮ ಊರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಕೋಣೆಗೆ ಬೀಗ ಇತ್ತು. ಅಮಾವಾಸ್ಯೆಗೆ ಒಂದು ಸಲ ಅಜ್ಜಿ ಬೀಗ ತೆಗೆದು, ಕಬ್ಬಿಣ ಬಡಿಯುವ ಅಡಿಗಲ್ಲಿನ ಮುಂದೆ ಒಂದು ಎಲೆ ಬಡಿಸಿ, ಕಣ್ಣು ಮುಚ್ಚಿ ನಿಂತು, ಮತ್ತೆ ಬೀಗ ಹಾಕುತ್ತಿದ್ದಳು. ಅದು ಹೋದಜ್ಜನ ಎಲೆ. ಆ ದಿನ ಅವನಿಗೆ ಬಡಿಸುವ ಮೊದಲು ಮನೆಯಲ್ಲಿ ಯಾರೂ ತಿನ್ನುವ ಹಾಗಿಲ್ಲ. ಹಲಸಿನ ಹಪ್ಪಳ ಕರಿದ ವಾಸನೆ ಮನೆಯೆಲ್ಲ ತುಂಬಿದಾಗ ನಾನು ಹಸಿದುಕೊಂಡು ಆ ಬೀಗವನ್ನೇ ನೋಡುತ್ತ ಕೂತಿರುತ್ತಿದ್ದೆ.

ಹೋದಜ್ಜ ಎಂದರೆ ಹೋದ ಅಜ್ಜ, ಬಿಟ್ಟುಹೋದವನು. ನನ್ನ ಅಜ್ಜನ ಅಜ್ಜ. ಹೆಸರು ಯಾರಿಗೂ ಗೊತ್ತಿರಲಿಲ್ಲ. ಅವನ ಕಥೆಯನ್ನು ಅಜ್ಜಿ ತನ್ನ ಮಾವನ ಬಾಯಿಂದ ಕೇಳಿದ್ದಳು. ಮಾವ ಎಂದರೆ ಅವನ ಮಗನೇ. ಒಂದು ದಿನ ಕುಲುಮೆಯಲ್ಲಿ ಅಣ್ಣತಮ್ಮಂದಿರಿಗೆ ಜಗಳವಾಯಿತು. ಯಾತಕ್ಕೆ ಎಂದು ತಿಳಿಯದು. ತಮ್ಮನಾದ ಹೋದಜ್ಜ ಸುತ್ತಿಗೆ, ಇಕ್ಕಳ ಒಂದು ಗೋಣಿಯಲ್ಲಿ ಕಟ್ಟಿಕೊಂಡು ತೆಂಕಮುಖವಾಗಿ ನಡೆದುಬಿಟ್ಟ. ಹೆಂಡತಿ ಅಂಗಳದಲ್ಲಿ ನಿಂತಿದ್ದಳು, ಸೊಂಟದ ಮೇಲೆ ಎರಡು ವರ್ಷದ ಮಗ. ಮತ್ತೆ ಅವನ ಸುದ್ದಿಯೇ ಇಲ್ಲ. ಹನ್ನೆರಡು ವರ್ಷ ಕಳೆದ ಮೇಲೆ ಊರಿನವರು, ಅವನು ಸತ್ತ ಎಂದು ತಿಳಿದು ಕರ್ಮ ಮಾಡಿಬಿಡಿ ಎಂದರು. ಹೆಂಡತಿ ಒಪ್ಪಲಿಲ್ಲ. ಬದುಕಿದ್ದಾರೆ ಎಂದಳು. ಬಳೆ ಒಡೆಯಲಿಲ್ಲ, ಕುಂಕುಮ ಅಳಿಸಲಿಲ್ಲ. ಹೆಂಗಸರು ಅವಳನ್ನು ಅರಿಶಿನ ಕುಂಕುಮಕ್ಕೆ ಕರೆಯುವುದನ್ನು ಬಿಟ್ಟರು. ಸತ್ತಾಗಲೂ ಮುತ್ತೈದೆಗೆ ಇಡುವ ಹಸಿರು ಬಳೆ, ಹೂವು ಇಡಲು ಯಾರೂ ಮುಂದೆ ಬರಲಿಲ್ಲ. ಹಾಗಾಗಿ ಅವನಿಗೆ ಬೆಂಕಿಯೂ ಇಲ್ಲ, ಎಳ್ಳುನೀರೂ ಇಲ್ಲ. ಎಲ್ಲೋ ಅನಾಥನಾಗಿ ಸತ್ತು ಅಲೆಯುತ್ತಿದ್ದಾನೆ ಎಂಬುದು ಮನೆಯ ನಂಬಿಕೆ. ಅಜ್ಜನ ತಂಗಿ ಬಾವಿಗೆ ಬಿದ್ದದ್ದು ಅವನಿಂದ, ಅಪ್ಪನ ಒಂದು ಕಿವಿ ಕೇಳದೆ ಹೋದದ್ದು ಅವನಿಂದ. ಈಗ ಅವನು ನನ್ನ ಮೇಲೆ ಬಂದಿದ್ದ.

ಹೊನ್ನಾವರದ ಡಾಕ್ಟರು ಬೇರೆ ಹೇಳಿದರು. ಇದು ಮಿದುಳಿನಲ್ಲಿ ಆಗುವ ಒಂದು ತೊಂದರೆ, ಮೂರ್ಛೆಯ ಒಂದು ಬಗೆ, ಮಾತ್ರೆ ತಪ್ಪಿಸಬೇಡಿ, ಬೆಳೆಯುತ್ತ ಹೋದ ಹಾಗೆ ಹೋಗಲೂಬಹುದು ಎಂದರು. ಮನೆಗೆ ಬಂದಾಗ ನನ್ನ ಒಂದು ಕೈಯಲ್ಲಿ ಮಾತ್ರೆಯ ಚೀಟಿ, ಇನ್ನೊಂದು ತೋಳಿಗೆ ಅಜ್ಜಿ ಕಟ್ಟಿಸಿದ ಕರಿದಾರ. ಎರಡು ವರ್ಷ ನಾನು ಹೀಗೆ ಎರಡರ ನಡುವೆ ಬದುಕಿದೆ. ಶಾಲೆಯಲ್ಲಿ ಹುಡುಗಿಯರು ನನ್ನ ಬೆಂಚಿನಲ್ಲಿ ಕೂರುತ್ತಿರಲಿಲ್ಲ. ಮನೆಯಲ್ಲಿ ಅಜ್ಜಿ ನನಗೆ ಹೆದರುತ್ತಿದ್ದಳು. ಹೇಳಲು ನಾಚಿಕೆಯಾಗುತ್ತದೆ, ನಾನು ಅದನ್ನು ಬಳಸಿಕೊಂಡೆ. ಒಮ್ಮೆ ಪತ್ರೊಡೆ ಬೇಕೆನಿಸಿ, ಹೋದಜ್ಜನಿಗೆ ಪತ್ರೊಡೆ ಬೇಕಂತೆ ಎಂದೆ. ಅಜ್ಜಿ ಆ ಕ್ಷಣವೇ ಕೆಸುವಿನ ಎಲೆ ಕೊಯ್ಯಲು ಹಿತ್ತಲಿಗೆ ಹೋದಳು. ತಟ್ಟೆಯ ತುಂಬ ತಿಂದೆ. ಆದರೆ ತಿಂದದ್ದು ನಾನೋ ಅವನೋ ಎಂದು ಅಂದಿನಿಂದ ನನಗೇ ಸಂಶಯ ಬಂತು. ಸಿಟ್ಟು ಬಂದರೆ, ಇದು ನನ್ನ ಸಿಟ್ಟೇ? ನಗು ಬಂದರೆ, ಯಾರು ನಗುತ್ತಿರುವುದು? ಕನ್ನಡಿಯ ಮುಂದೆ ನಿಂತು ನನ್ನ ಕಣ್ಣನ್ನೇ ನೋಡುತ್ತ, ನೀನು ಯಾರು ಎಂದು ಪಿಸುಗುಟ್ಟುತ್ತಿದ್ದೆ. ಈಗ ಬರೆಯುವಾಗ ಸುಲಭ. ಆಗ ಹತ್ತು ವರ್ಷದ ಹುಡುಗಿಗೆ ತನ್ನ ಮೈಯಲ್ಲಿ ತಾನೊಬ್ಬಳೇ ಇದ್ದೇನೆಂದು ಹೇಳುವ ಧೈರ್ಯ ಇರಲಿಲ್ಲ.

ಮನೆಯಲ್ಲಿ ದೊಡ್ಡ ಜಗಳವಾದದ್ದು ನನ್ನ ಕೈ ಸುಟ್ಟ ದಿನ. ಅಜ್ಜಿ ಯಾರನ್ನೋ ಕೇಳಿ ಏಳು ದಿನದ ಒಂದು ವ್ರತ ಹಿಡಿದಿದ್ದಳು. ವ್ರತ ಮುಗಿಯುವವರೆಗೆ ಹೊರಗಿನ ಔಷಧಿ ಹೊಟ್ಟೆಗೆ ಹೋಗಬಾರದೆಂದು ಮಾತ್ರೆಯನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟು, ಅಮ್ಮ ಶಾಲೆಗೆ ಹೋದ ಮೇಲೆ ನನಗೆ ಬರಿಯ ತೀರ್ಥ ಕೊಡುತ್ತಿದ್ದಳು. ನಾಲ್ಕನೆಯ ದಿನ ಬಚ್ಚಲಿನಲ್ಲಿ ಹಂಡೆಯ ಒಲೆಗೆ ಕಟ್ಟಿಗೆ ಸರಿಸುತ್ತಿದ್ದ ನಾನು ಹಾಗೇ ಮುಂದಕ್ಕೆ ಬಿದ್ದೆ. ಎಡಗೈಯ ಮೇಲಿನ ಚರ್ಮ ಇವತ್ತಿಗೂ ಬೇರೆ ಬಣ್ಣದ್ದು. ಅಮ್ಮ ಕೂಗಾಡಲಿಲ್ಲ. ಅದೇ ನನಗೆ ಹೆಚ್ಚು ಭಯವಾದದ್ದು. ಅಕ್ಕಿ ಡಬ್ಬಿಯನ್ನು ನಡುಮನೆಯಲ್ಲಿ ಬೋರಲು ಹಾಕಿ, ಅಕ್ಕಿಯ ನಡುವಿನಿಂದ ಮಾತ್ರೆಗಳನ್ನು ಒಂದೊಂದಾಗಿ ಹೆಕ್ಕಿದಳು. ಅಪ್ಪ ಗೋಡೆಗೆ ಮುಖ ಮಾಡಿ ನಿಂತಿದ್ದ. ಅಜ್ಜಿ ಅಳುತ್ತ, ಗೋಕರ್ಣಕ್ಕೆ ಹೋಗಿ ನಾರಾಯಣ ಬಲಿ ಮಾಡಿಸಿದರೆ ಅವನಿಗೆ ಮುಕ್ತಿ, ಕೂಸಿಗೂ ಬಿಡುಗಡೆ, ಅದನ್ನು ಮಾಡುವವರೆಗೆ ಯಾವ ಮಾತ್ರೆಯಿಂದಲೂ ಆಗದು ಎಂದಳು. ಅಮ್ಮ ಮಾತ್ರೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು.

“ಆತು ಅತ್ತೆ. ಮಾಡಿಸ್ವಾ. ಆದ್ರೆ ಯಾರ ಹೆಸರಲ್ಲಿ ಮಾಡೂದು? ಹೆಸರು ಇಲ್ಲದೆ ಬಲಿ ಕೊಟ್ರೆ ಅದು ಯಾರಿಗೆ ಮುಟ್ತದೆ? ಹೆಸರು ನಾ ಹುಡುಕ್ತೆ. ಸಿಗೂವರೆಗೆ ಇವಳ ಮಾತ್ರೆಗೆ ನೀವು ಕೈ ಹಾಕೂದು ಬೇಡ.”

ಅಜ್ಜಿ ಒಪ್ಪಿದಳು. ತಾನು ಆಗ ಹೇಳಿದ್ದು ದಿನ ದೂಡುವ ಉಪಾಯ ಎಂದು ಅಮ್ಮ ಎಷ್ಟೋ ವರ್ಷಗಳ ಮೇಲೆ ನನ್ನ ಹತ್ತಿರ ಒಪ್ಪಿಕೊಂಡಳು. ನೂರು ವರ್ಷದ ಹಿಂದಿನ ಒಬ್ಬ ಕಮ್ಮಾರನ ಹೆಸರು ಎಲ್ಲಿ ಸಿಗುತ್ತದೆ? ಹುಡುಕುತ್ತಲೇ ಇರಬಹುದು, ಅಷ್ಟರಲ್ಲಿ ಮಾತ್ರೆ ತನ್ನ ಕೆಲಸ ಮಾಡುತ್ತದೆ ಎಂಬುದು ಅವಳ ಎಣಿಕೆ.

ಮೊದಲು ಗೋಕರ್ಣಕ್ಕೇ ಹೋದೆವು. ಊರೂರಿನ ಮನೆತನಗಳು ಅಲ್ಲಿಗೆ ಬಂದು ಕರ್ಮ ಮಾಡಿಸಿದ್ದನ್ನು ಕೆಲವು ಪುರೋಹಿತರ ಮನೆಗಳಲ್ಲಿ ತಲೆತಲಾಂತರದಿಂದ ಬರೆದಿಡುತ್ತಾರೆ. ನಮ್ಮ ಊರಿನ ಆಚಾರಿಗಳ ಪುಸ್ತಕ ಇದ್ದ ಮನೆ ಹುಡುಕಲು ಇಡೀ ಬೆಳಗು ಹಿಡಿಯಿತು. ವಯಸ್ಸಾದ ಉಪಾಧ್ಯರು ಕೆಂಪು ಬಟ್ಟೆಯ ಗಂಟು ಬಿಚ್ಚಿ, ಉದ್ದನೆಯ ಪುಸ್ತಕ ತೊಡೆಯ ಮೇಲೆ ಹರಡಿದರು. ಕೂಡಿಸಿ ಕೂಡಿಸಿ ಬರೆದ ಮೋಡಿ ಅಕ್ಷರ, ನಮಗೆ ಒಂದೂ ಬಿಡಿಸಲಾಗಲಿಲ್ಲ. ಅವರು ಓದಿದರು. ಅಜ್ಜಿಯ ಮಾವ ತನ್ನ ತಾಯಿಯ ಕರ್ಮಕ್ಕೆ ಬಂದಿದ್ದ. ತಾಯಿಯ ಹೆಸರು ದೇವಮ್ಮ. ತಂದೆಯ ಹೆಸರು ಗಿರಿಯ ಬಿನ್ ತಿಮ್ಮಯ್ಯ. ಆ ಹೆಸರಿನ ಮುಂದೆ ಒಂದೇ ಮಾತು, ದೇಶಾಂತರ. ಅಂದರೆ ಮಗನಿಗೆ ತಂದೆಯ ಹೆಸರು ಗೊತ್ತಿತ್ತು. ಇಲ್ಲಿ ಬಂದು ಹೇಳಿದ್ದವನು ಮನೆಯಲ್ಲಿ ಮಾತ್ರ ಜೀವಮಾನವೆಲ್ಲ ಬಾಯಿ ಬಿಟ್ಟಿರಲಿಲ್ಲ. ಅಮ್ಮ ದೇವಮ್ಮ ಸತ್ತ ಸಂವತ್ಸರ, ತಿಂಗಳು, ತಿಥಿ ಎಲ್ಲ ಒಂದು ಕಾಗದದಲ್ಲಿ ಗುರುತು ಮಾಡಿಕೊಂಡಳು. ಅಲ್ಲಿಂದ ಏಳುವ ಮೊದಲೇ ಅಜ್ಜಿ, ಹೆಸರು ಸಿಕ್ಕಿತಲ್ಲ, ಇನ್ನು ಬಲಿ ಮಾಡಿಸುವುದೇ ಎಂದಳು. ಅಮ್ಮನ ಉಪಾಯ ಒಂದೇ ದಿನಕ್ಕೆ ಮುಗಿದುಹೋಗಿತ್ತು. ಆದರೆ ಉಪಾಧ್ಯರೇ ಅವಳ ಕೈ ಹಿಡಿದರು. ಇವನು ಎಲ್ಲಿ, ಹೇಗೆ ಸತ್ತ ಎಂದು ತಿಳಿಯಲು ಸಾಧ್ಯವಿದ್ದರೆ ತಿಳಿದುಕೊಂಡು ಬನ್ನಿ, ಅವಸರ ಮಾಡಬೇಡಿ ಎಂದರು.

ಅಲ್ಲಿಂದ ಮುಂದೆ ಅಮ್ಮ ದಿನ ದೂಡಲಿಕ್ಕೆ ಹುಡುಕುತ್ತಿರಲಿಲ್ಲ. ಅವಳಿಗೆ ಹಠ ಹಿಡಿದಿತ್ತು. ಶನಿವಾರ ಶಾಲೆ ಅರ್ಧ ದಿನ. ಬಿಟ್ಟ ಕೂಡಲೇ ನನ್ನನ್ನು ಕರೆದುಕೊಂಡು ಕುಮಟೆಯ ಬಸ್ಸು ಹತ್ತುತ್ತಿದ್ದಳು, ಮನೆಯಲ್ಲಿ ಅಜ್ಜಿಯ ಜೊತೆ ಬಿಡಲು ಅವಳಿಗೆ ಧೈರ್ಯವಿರಲಿಲ್ಲ. ತಾಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟು, ಮುಂದಿನ ವಾರ ಬನ್ನಿ ಎಂದರೆ ಮುಂದಿನ ವಾರ ಹೋಗಿ, ಹಳೆಯ ಭೂಮಿ ದಾಖಲೆ ಇಳಿಸುವವರೆಗೆ ಬಿಡಲಿಲ್ಲ. ಅದು ಬೊಂಬಾಯಿ ಸರಕಾರದ ಕಾಲದ ಪುಸ್ತಕ. ಮುಟ್ಟಿದರೆ ಅಂಚು ಉದುರುತ್ತಿತ್ತು. ನಮ್ಮ ಕುಲುಮೆಯ ಜಾಗ ಅದರಲ್ಲಿ ಇಬ್ಬರ ಹೆಸರಿನಲ್ಲಿತ್ತು, ಗಿರಿಯ ಮತ್ತು ಅವನ ಅಣ್ಣ. ಗಿರಿಯನ ಹೆಸರಿನ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಬೇರೆ ಶಾಯಿಯಲ್ಲಿ ಬರೆದಿತ್ತು: ಶಿರಾಲಿಯಲ್ಲಿ ವಾಸ. ಶಿರಾಲಿ ಭಟ್ಕಳದ ಹತ್ತಿರ. ಬಸ್ಸಿನಲ್ಲಿ ಮೂರು ತಾಸೂ ಇಲ್ಲ. ಯಾರೋ ಒಬ್ಬ ಶಾನುಭೋಗನಿಗೆ ಗೊತ್ತಿದ್ದ ಸುದ್ದಿ ನಮ್ಮ ಮನೆಗೆ ತಲುಪಲು ನೂರು ವರ್ಷ ಬೇಕಾಯಿತು ಎಂದು ಅಮ್ಮ ಮೆಟ್ಟಿಲಲ್ಲಿ ಕೂತು ಹೇಳಿದಳು. ಅಣ್ಣನಿಗೂ ಗೊತ್ತಿದ್ದಿರಬೇಕು. ಆ ಸಂಗತಿಯನ್ನು ನಾವು ಹೆಚ್ಚು ಕೆದಕಲಿಲ್ಲ.

ದಸರಾ ರಜೆಯಲ್ಲಿ ಭಟ್ಕಳಕ್ಕೆ ಹೋದೆವು. ಹಳೆಯ ಜನನ ಮರಣದ ಪುಸ್ತಕಗಳು ಇದ್ದವು, ಓದುವವರು ಇರಲಿಲ್ಲ. ಕಚೇರಿಯವರು ಒಬ್ಬ ನಿವೃತ್ತ ಗುಮಾಸ್ತರನ್ನು ಕರೆಸಿದರು. ನವಾಯತ ಮುಸಲ್ಮಾನರು, ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಬಿಳಿ ಗಡ್ಡ, ದಪ್ಪ ಕನ್ನಡಕ. ಮಗು ಬೆಳಗಿನಿಂದ ಎಂತ ತಿಂದಿದೆ ಎಂದು ಮೊದಲು ಕೇಳಿದರು. ಮನೆಯಿಂದ ತರಿಸಿದ ಸಿಹಿ ರೊಟ್ಟಿ ನನ್ನ ಕೈಗೆ ಕೊಟ್ಟು, ಬೆರಳನ್ನು ಸಾಲಿನ ಕೆಳಗೆ ಸರಿಸುತ್ತ ಓದಲು ಕೂತರು. ಎರಡು ದಿನ ಓದಿದರು. ಕಾಲರಾ, ಜ್ವರ, ಹಾವು ಕಚ್ಚಿ, ಬಾಣಂತಿ ಸನ್ನಿ. ಎಷ್ಟೊಂದು ಜನ ಸತ್ತಿದ್ದರು. ಯಾರ ಮನೆಯವರು ಇವರನ್ನೆಲ್ಲ ಹುಡುಕುತ್ತಾರೆ ಎಂದು ಯೋಚಿಸುತ್ತ ನಾನು ಕಿಟಕಿಯ ಬಳಿ ಕೂತಿದ್ದೆ. ಎರಡನೆಯ ದಿನ ಮಧ್ಯಾಹ್ನ ಸಾಹೇಬರ ಬೆರಳು ನಿಂತಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಶಿರಾಲಿ. ಗಿರಿಯ ಬಿನ್ ತಿಮ್ಮಯ್ಯ. ಕಸುಬು ಕಬ್ಬಿಣ ಕೆಲಸ. ವಯಸ್ಸು ಸುಮಾರು ಅರವತ್ತು. ಕಾರಣ ಜ್ವರ.

“ಇದು ನೋಡಿ ಅಮ್ಮ. ಕಡೆಯ ಕಾಲಮ್ಮಿನಲ್ಲಿ ಬರೆದಿದೆ, ವರದಿ ಕೊಟ್ಟವ ಮಗ ನಾಗಪ್ಪ. ನಿಮ್ಮ ಅಜ್ಜ ಒಬ್ಬಂಟಿಯಾಗಿ ಸತ್ತದ್ದಲ್ಲ.”

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳು ಅಳುತ್ತಿದ್ದಾಳೆಂದು ತಿಳಿದೆ, ನೋಡಿದರೆ ನಗುತ್ತಿದ್ದಳು. ಮಗ ಇದ್ದನೆಂದರೆ ಬೆಂಕಿ ಕೊಟ್ಟಿದ್ದಾನೆ. ನೀರು ಬಿಟ್ಟಿದ್ದಾನೆ. ನಾವು ಕತ್ತಲೆ ಕೋಣೆಯಲ್ಲಿ ಎಲೆ ಹಾಕಿ ಕಾಯುತ್ತಿದ್ದವನು ಎಂದೋ ಹೊಟ್ಟೆ ತುಂಬ ಉಂಡು ಹೋಗಿದ್ದ. ವಾಪಸು ಬರುವಾಗ ಶರಾವತಿಯ ಸೇತುವೆ ದಾಟುತ್ತಿದ್ದಂತೆ ಅಮ್ಮ ಚೀಲದಿಂದ ಎರಡು ಕಾಗದ ತೆಗೆದು ಪಕ್ಕಪಕ್ಕ ಇಟ್ಟಳು, ಒಂದು ಗೋಕರ್ಣದಲ್ಲಿ ಬರೆದುಕೊಂಡದ್ದು, ಒಂದು ಭಟ್ಕಳದಲ್ಲಿ. ಬೆರಳು ಮಡಿಸಿ ಸಂವತ್ಸರ ಎಣಿಸಿದಳು. ಒಮ್ಮೆ ಎಣಿಸಿ ನಂಬದೆ ಮತ್ತೊಮ್ಮೆ ಎಣಿಸಿದಳು. ನಾನು ಅವಳ ತೋಳಿಗೆ ಒರಗಿ, ನನ್ನೊಳಗೆ ಯಾರಾದರೂ ಅಲುಗಾಡುತ್ತಾರೋ ಎಂದು ಕಿವಿಗೊಟ್ಟು ಕೂತಿದ್ದೆ. ಯಾರೂ ಇರಲಿಲ್ಲ. ಬಸ್ಸಿನ ಸದ್ದು, ನನ್ನ ಹಸಿವು, ಅಷ್ಟೇ. ಆ ಹಸಿವು ನನ್ನದೇ ಎಂದು ಗೊತ್ತಾದಾಗ ಆದ ಸಮಾಧಾನವನ್ನು ಇವತ್ತಿಗೂ ಬೇರೆ ಯಾವುದಕ್ಕೂ ಹೋಲಿಸಲಾರೆ.

ಅಜ್ಜಿ ಜಗಲಿಯಲ್ಲಿ ಕೂತು ಎಲ್ಲ ಕೇಳಿದಳು. ಮೊದಲು ನಂಬಲಿಲ್ಲ, ಕಾಗದದಲ್ಲಿ ಯಾರು ಬೇಕಾದರೂ ಎಂತ ಬೇಕಾದರೂ ಬರೆಯುತ್ತಾರೆ ಎಂದಳು. ಆಮೇಲೆ ಸಿಟ್ಟು ಬಂತು. ತನ್ನ ಮಾವ ಅಪ್ಪನಿಲ್ಲದೆ ಬೆಳೆದದ್ದು, ಆ ಹೆಂಗಸು ಅಂಗಳ ನೋಡುತ್ತ ಮುದುಕಿಯಾದದ್ದು, ಇವನು ಅಲ್ಲಿ ಇನ್ನೊಂದು ಸಂಸಾರ ಹೂಡಿ ಸುಖವಾಗಿದ್ದನೇ ಎಂದು ಬೈದಳು. ಇಷ್ಟು ವರ್ಷ ಹೆದರಿಕೊಂಡೇ ನಡೆದುಕೊಂಡವನನ್ನು ಅಜ್ಜಿ ಬಾಯಿ ತುಂಬ ಬೈಯುವುದನ್ನು ಅಪ್ಪ ಕೇಳುವ ಕಿವಿಯನ್ನು ಈ ಕಡೆ ತಿರುಗಿಸಿ ಕೇಳಿದ. ಬೈದು ಸುಸ್ತಾದ ಮೇಲೆ ಅಮ್ಮ ಬಸ್ಸಿನಲ್ಲಿ ಎಣಿಸಿದ್ದನ್ನು ಮೆಲ್ಲಗೆ ಹೇಳಿದಳು. ದೇವಮ್ಮ ಸತ್ತು ನಾಲ್ಕು ವರ್ಷವಾದ ಮೇಲೆ ಗಿರಿಯ ಸತ್ತದ್ದು.

“ಹಂಗಾರೆ ಅವಳು ಹೇಳಿದ್ದೇ ಖರೆ. ಗಂಡ ಬದುಕಿದ್ದ. ಅವಳು ಮುತ್ತೈದೆಯಾಗೇ ಸತ್ತದ್ದು.”

ಅಷ್ಟು ಹೇಳಿ ಅಜ್ಜಿ ಅತ್ತಳು. ವ್ರತದ ದಿನ ಅತ್ತ ಹಾಗಲ್ಲ, ಎದೆಯ ಮೇಲಿನ ಕಲ್ಲು ಇಳಿಸಿದವರ ಹಾಗೆ. ತನಗೆ ಇಪ್ಪತ್ತು ವರ್ಷವಿದ್ದಾಗ ಊರಿನ ಮುದುಕಿಯರು ದೇವಮ್ಮನ ಕುಂಕುಮದ ಕಥೆ ಹೇಳಿ ನಗುತ್ತಿದ್ದರಂತೆ, ತಾನೂ ನಕ್ಕಿದ್ದೆ ಎಂದಳು. ಆ ಅಮಾವಾಸ್ಯೆಗೆ ಎಲೆ ಹಾಕಲಿಲ್ಲ. ಅಪ್ಪ ಕುಲುಮೆಯ ಬೀಗ ತೆಗೆದು, ಗೋಡೆಗೆ ಸುಣ್ಣ ಬಳಿದು, ಹೊಸ ಕಿಟಕಿ ಇಡಿಸಿದ. ನನಗೆ ಓದಲು ಅಲ್ಲಿ ಮೇಜು ಹಾಕಿದರು. ಮೊದಲ ವಾರ ಅಮ್ಮನನ್ನು ಜೊತೆಗೆ ಕೂರಿಸಿಕೊಂಡು ಓದಿದೆ, ಎರಡನೆಯ ವಾರ ಬಾಗಿಲು ಮುಚ್ಚಿಕೊಂಡೆ.

ಅಜ್ಜಿಯ ಮನಸ್ಸು ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಶಿರಾಲಿಗೆ ಹೋಗಬೇಕೆಂದಳು. ನಾಗಪ್ಪನ ಮನೆ ಕೇಳಿದ ಕೂಡಲೇ ಸಿಕ್ಕಿತು, ಅವರು ಈಗಲೂ ಕಬ್ಬಿಣದ ಗೇಟು ಮಾಡುವ ವರ್ಕ್‌ಶಾಪ್ ಇಟ್ಟಿದ್ದರು. ನಾಗಪ್ಪನ ಸೊಸೆ, ಎಂಬತ್ತು ದಾಟಿದ ಸೀತಮ್ಮ, ಜಗಲಿಗೆ ಬಂದು ನಮ್ಮನ್ನು ಕೂರಿಸಿದಳು. ಪರಿಚಯ ಹೇಳಿದಾಗ ಮನೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಅವರ ಮನೆಯ ಕಥೆಯಲ್ಲಿ ಗಿರಿಯಜ್ಜ ಬಡಗು ಕಡೆಯಿಂದ ಬಂದ ಒಳ್ಳೆಯ ಮನುಷ್ಯ, ಹಿಂದೆ ಮುಂದೆ ಯಾರೂ ಇಲ್ಲದವ, ಮಾತು ಕಡಿಮೆ. ವರ್ಷವರ್ಷ ಅವನ ಶ್ರಾದ್ಧ ತಪ್ಪಿಸಿದ್ದೇ ಇಲ್ಲ ಎಂದು ಸೀತಮ್ಮ ಹೇಳಿದಾಗ ಅಮ್ಮ ಅಜ್ಜಿಯ ಕಡೆ ನೋಡಿದಳು. ಹಿಂದೆ ಮುಂದೆ ಯಾರೂ ಇಲ್ಲದವ ಎಂಬ ಮಾತು ಅಜ್ಜಿಗೆ ಚುಚ್ಚಿತ್ತು. ಇನ್ನು ಜಗಳವೇ ಎಂದು ನಾನು ಹೆದರಿದೆ. ಅಜ್ಜಿ ಸೀತಮ್ಮನ ಕೈ ಹಿಡಿದುಕೊಂಡಳು.

“ಅಕ್ಕ, ನಾ ಎಂತದೂ ಕೇಳೂಕೆ ಬಂದದ್ದಲ್ಲ. ಅಂವಂಗೆ ನಮ್ಮಲ್ಲಿ ಒಬ್ಬ ಹೆಂಡತಿ ಇದ್ದಿತ್ತು, ದೇವಮ್ಮ ಅಂತ. ಮುತ್ತೈದೆಯಾಗಿ ಹೋದದ್ದು. ಅವನ ಶ್ರಾದ್ಧದ ದಿನ ಅವಳದೂ ಒಂದು ಹೆಸರು ಹೇಳಿ.”

ಸೀತಮ್ಮ ತನ್ನ ಮಗನನ್ನು ಕರೆದು, ಪುರೋಹಿತರಿಗೆ ಕೊಡುವ ಪಟ್ಟಿಯಲ್ಲಿ ಆ ಹೆಸರು ಈಗಲೇ ಬರೆದಿಡು ಎಂದಳು. ಗಿರಿಯಜ್ಜನ ಹೆಸರಿನ ಪಕ್ಕದಲ್ಲೇ, ತನ್ನ ಗಂಡನ ಅಜ್ಜಿಯ ಹೆಸರಿಗಿಂತ ಮೇಲೆ, ದೊಡ್ಡವಳು ಅವಳೇ ಅಲ್ಲವೇ ಎಂದಳು. ಅಜ್ಜಿ ಅಕ್ಷರ ಬಾರದವಳಾದರೂ ಆ ಕಾಗದವನ್ನು ಇಸಿದುಕೊಂಡು ನೋಡಿದಳು. ಊಟಕ್ಕೆ ಏಳಿ ಎಂದರು. ಸಾಲಾಗಿ ಎಲೆ ಹಾಕಿದ್ದರು, ಸೌತೆಕಾಯಿ ಹುಳಿ, ಮಾವಿನಮಿಡಿ, ಪಾಯಸ. ಹೊಸ ಜನ, ದೂರದ ಪ್ರಯಾಣ, ಹಿಂದಿನ ರಾತ್ರಿ ಸರಿಯಾಗಿ ನಿದ್ದೆಯಿಲ್ಲ. ಪಾಯಸಕ್ಕೆ ಕೈ ಹಾಕಿದ್ದು ನೆನಪಿದೆ. ಮತ್ತೆ ಕಣ್ಣು ತಿಳಿಯಾದಾಗ ನನ್ನ ತಲೆ ಯಾರದೋ ಮಡಿಲಲ್ಲಿತ್ತು. ಸುತ್ತಲೂ ಶಿರಾಲಿಯವರು ಎದ್ದು ನಿಂತಿದ್ದರು. ಒಬ್ಬಾಕೆ ದೇವರ ಕೋಣೆಯಿಂದ ಭಸ್ಮ ತಂದು, ಮಗುವಿನ ಮೇಲೆ ಏನಾದರೂ ಬಂದಿದೆಯೋ ಎಂದು ಕೇಳುತ್ತಿದ್ದಳು. ಮಡಿಲು ಅಜ್ಜಿಯದು. ನನಗೆ ಕಾಯಿಲೆ ಶುರುವಾದಂದಿನಿಂದ ಅಂಥ ಗಳಿಗೆಯಲ್ಲಿ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಅವಳು ಸೆರಗಿನ ತುದಿಯಿಂದ ನನ್ನ ಗಲ್ಲದ ಮೇಲಿನ ಪಾಯಸ ಒರೆಸುತ್ತ, ತಲೆ ಎತ್ತದೆ ಉತ್ತರ ಕೊಟ್ಟಳು.

“ಯಾರೂ ಬಂದದ್ದಲ್ಲ. ಕೂಸಿಗೆ ಒಂದು ಕಾಯಿಲೆ ಉಂಟು, ಮಾತ್ರೆ ತಕಂತದೆ. ಕಡಿಮೆ ಆಗ್ತದೆ. ನೀವು ಊಟ ಮಾಡಿ.”